ನಿಮ್ಮ ಕಂಪ್ರೆಸರಿಗೆ ಎಷ್ಟು ಇಂಚು ಗಾಳಿ?

ಹೋದ ತಿಂಗಳು ಆಳಂದದ ಹುಡುಗನೊಬ್ಬ ಫೋನ್ ಮಾಡಿದ. ಅಪ್ಪನ ಹಳೆಯ ಬುಲೆಟ್ ಪೂರ್ತಿ ಬಿಚ್ಚಿಟ್ಟುಕೊಂಡಿದ್ದಾನೆ. ತುಕ್ಕು, ಹಳೆ ಬಣ್ಣ ತೆಗೆಯಲು ನಾಲ್ಕು ಅಡಿ ಅಗಲದ ಸ್ಯಾಂಡ್‌ಬ್ಲಾಸ್ಟಿಂಗ್ ಕ್ಯಾಬಿನೆಟ್, ಅಂದರೆ ಕಂಪ್ರೆಸರ್ ಗಾಳಿಯ ರಭಸದಲ್ಲಿ ಗನ್ನಿನಿಂದ ಗರಸು ಪುಡಿ ಹೊಡೆಯುವ ಮುಚ್ಚಿದ ಡಬ್ಬಿ, ತರಿಸಿ, ಮನೆ ಹಿಂದಿನ ಪತ್ರಾಸ್ ಶೆಡ್ಡಿನಲ್ಲಿ ಕೂಡಿಸಿದ್ದಾನೆ.

"ಕಾಕಾ, ಗನ್ ಖರಾಬ್ ಅದರೀ. ಒಂದು ನಿಮಿಷ ಚಲೋ ಹೊಡೀತದ, ಆಮ್ಯಾಗ ಬರೇ ಉಸುರು ಬಿಡ್ತದ."

"ಕಂಪ್ರೆಸರ್ ಯಾವುದದ?"

"ಎರಡು ಎಚ್‌ಪಿ. 160 ಲೀಟರ್ ಟಾಂಕಿ. ದೊಡ್ಡದೇ ಅದರೀ."

ಗನ್ನಿಗೆ ಏನೂ ಆಗಿರಲಿಲ್ಲ. ಇಂಥ ಫೋನು ನನಗೆ ತಿಂಗಳಿಗೆ ಒಂದಾದರೂ ಬರುತ್ತದೆ. ಊರು ಬೇರೆ, ಗಾಡಿ ಬೇರೆ, ಮಾತು ಮಾತ್ರ ಇದೇ. ಕ್ಯಾಬಿನೆಟ್ ಕೊಳ್ಳುವ ಮೊದಲು ಕೇಳಿದರೆ ಹತ್ತು ನಿಮಿಷದ ಕೆಲಸ. ಕೊಂಡ ಮೇಲೆ ಕೇಳುತ್ತಾರೆ, ಆಗ ನನಗೂ ಸಂಕಟ.

ನನ್ನ ಹೊಟ್ಟೆಪಾಡು ಕಲಬುರಗಿಯ ದಾಲ್‌ಮಿಲ್‌ಗಳ ಕಂಪ್ರೆಸರ್ ರಿಪೇರಿ. ಕಲರ್ ಸಾರ್ಟರ್ ನೋಡಿದವರಿಗೆ ಗೊತ್ತು: ತೊಗರಿ ಬೇಳೆ ಸಾಲಾಗಿ ಕೆಳಗೆ ಬೀಳುವಾಗ ಕ್ಯಾಮೆರಾ ಕಪ್ಪು ಕಾಳನ್ನು ಗುರುತಿಸುತ್ತದೆ, ಸಣ್ಣ ತೂತಿನಿಂದ ಬಂದ ಗಾಳಿಯ ಒಂದು ಏಟು ಆ ಕಾಳನ್ನು ಆಚೆ ಹಾರಿಸುತ್ತದೆ. ಗಾಳಿ ಕಡಿಮೆಯಾದರೆ ಕಪ್ಪು ಕಾಳು ಒಳ್ಳೆ ಬೇಳೆಯ ಜೊತೆ ಚೀಲ ಸೇರುತ್ತದೆ. ಹಾಗಾಗಿ ಮಿಲ್ ಸಾಹುಕಾರರಿಗೆ ಗಾಳಿಯ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ಮನೆಯಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟವರ ಕಣ್ಣಿಗೆ ಮಾತ್ರ ಗಾಳಿ ಕಾಣುವುದಿಲ್ಲ, ಡಬ್ಬಿ ಕಾಣುತ್ತದೆ. ಎಷ್ಟು ಅಡಿ, ಎಷ್ಟು ಗೇಜ್ ಪತ್ರಾ, ಲೈಟ್ ಎಷ್ಟು, ಇದೇ ಪ್ರಶ್ನೆ.

ನಮ್ಮ ಕಡೆ ಬೋರ್ ಹಾಕಿಸಿದವರನ್ನು ಜನ ಮೊದಲು ಏನು ಕೇಳುತ್ತಾರೆ? "ಎಷ್ಟು ಇಂಚ್ ನೀರು ಬಿತ್ತು?" ಮನೆ ಮೇಲಿನ ಟಾಂಕಿ ಎಷ್ಟು ಲೀಟರಿನದು ಎಂದು ಯಾರೂ ಕೇಳುವುದಿಲ್ಲ. ಅರ್ಧ ಇಂಚು ನೀರಿನ ಬೋರಿಗೆ ಐದು ಸಾವಿರ ಲೀಟರ್ ಟಾಂಕಿ ಇಟ್ಟರೂ ಎರಡು ಎಕರೆ ಕಬ್ಬು ನೆನೆಯುವುದಿಲ್ಲ ಅಂತ ಹೊಲದ ಹುಡುಗನಿಗೂ ಗೊತ್ತು. ಕಂಪ್ರೆಸರಿನಲ್ಲಿ ಆ ಇಂಚಿನ ಜಾಗದಲ್ಲಿರುವುದು ಸಿಎಫ್ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬುದು. ಒಂದು ಘನ ಅಡಿ ಅಂದರೆ ಸುಮಾರು 28 ಲೀಟರ್. ಗೇಜಿನಲ್ಲಿ ಕಾಣುವ ಪಿಎಸ್ಐ ಒತ್ತಡ ಮಾತ್ರ. ಮೋಟರ್ ನಿಂತಾಗಲೂ ಟಾಂಕಿಯಲ್ಲಿ 120 ಪಿಎಸ್ಐ ಇರಬಹುದು, ಅದರಿಂದ ನಿಮಿಷಕ್ಕೆ ಎಷ್ಟು ಗಾಳಿ ಸಿಗುತ್ತದೆ ಎಂದು ತಿಳಿಯುವುದಿಲ್ಲ.

ಈಗ ಆ ಹುಡುಗನ ಲೆಕ್ಕ ಮಾಡೋಣ, ಸ್ವಲ್ಪ ತಾಳ್ಮೆ ಇರಲಿ. ಅವನದು ಸಕ್ಷನ್ ಗನ್, ಗಾಳಿಯ ಎಳೆತದಿಂದಲೇ ಪುಡಿ ಎಳೆದುಕೊಳ್ಳುವಂಥದ್ದು. ಅದರಲ್ಲಿ ಎರಡು ತೂತು. ಹೊರಗೆ ಕಾಣುವ ನಾಜಲ್ ದೊಡ್ಡದು, ಒಳಗೆ ಅಡಗಿರುವ ಏರ್ ಜೆಟ್ ಸಣ್ಣದು. ಗಾಳಿ ತಿನ್ನುವುದು ಒಳಗಿನ ಜೆಟ್. ಅವನ ಗನ್ನಿನ ಜೆಟ್ ಮೂರು ಎಂಎಂಗಿಂತ ತುಸು ಹೆಚ್ಚು, ಇಂಚಿನ ಎಂಟನೇ ಒಂದು ಭಾಗ. 80 ಪಿಎಸ್ಐನಲ್ಲಿ ಅದು ಸುಮಾರು 17 ಸಿಎಫ್ಎಂ ತಿನ್ನುತ್ತದೆ. ಎರಡು ಎಚ್‌ಪಿ ಪಿಸ್ಟನ್ ಕಂಪ್ರೆಸರ್ ಕೊಡುವುದು ಆರೋ ಏಳೋ. ಉದಾರವಾಗಿ ಏಳು ಹಿಡಿಯಿರಿ. ಪ್ರತಿ ನಿಮಿಷ ಹತ್ತು ಘನ ಅಡಿ ಸಾಲ.

ಆ ಸಾಲ ತೀರಿಸುವುದು ಟಾಂಕಿ. 160 ಲೀಟರ್ ಟಾಂಕಿ 8 ಬಾರ್‌ನಿಂದ 5.5 ಬಾರ್‌ಗೆ, ಅಂದರೆ ಹೆಚ್ಚುಕಡಿಮೆ 80 ಪಿಎಸ್ಐಗೆ ಇಳಿಯುವಾಗ ಹೊರಬರುವುದು 400 ಲೀಟರ್ ಗಾಳಿ. ಹದಿನಾಲ್ಕು ಘನ ಅಡಿ. ನಿಮಿಷಕ್ಕೆ ಹತ್ತರಂತೆ ಖರ್ಚಾದರೆ ಒಂದೂವರೆ ನಿಮಿಷವೂ ಬಾರದು. ಆಮೇಲೆ ಅವನೇ ಹೇಳಿದ ಹಾಗೆ ಬರೇ ಉಸುರು. ಮತ್ತೆ ತುಂಬಲು ಎರಡು ನಿಮಿಷ ಕಾಯಬೇಕು.

"ಹಂಗಾರ ಇನ್ನೊಂದು ಟಾಂಕಿ ಜೋಡಿಸ್ಲೇನು?" ಎಲ್ಲರೂ ಇಲ್ಲಿಗೇ ಬಂದು ನಿಲ್ಲುತ್ತಾರೆ. ಜೋಡಿಸಿ, ಬೇಡ ಅನ್ನುವುದಿಲ್ಲ. ಮೂರು ನಿಮಿಷಕ್ಕೆ ತುಸು ಕಡಿಮೆ ಹೊಡೆಯುತ್ತೀರಿ, ನಾಲ್ಕು ನಿಮಿಷ ಕಾಯುತ್ತೀರಿ. ಗಂಟೆಗೆ ಆಗುವ ಕೆಲಸ ಅಷ್ಟೇ. ಪಂಪ್ ಕೊಡುವುದು ಏಳು, ಗನ್ ಕೇಳುವುದು ಹದಿನೇಳು. ನಡುವೆ ಎಷ್ಟು ಟಾಂಕಿ ಇಟ್ಟರೂ ಏಳು ಹದಿನೇಳಾಗುವುದಿಲ್ಲ. ಇಷ್ಟೊತ್ತೂ ಮೋಟರ್ ನಿಲ್ಲದೆ ಓಡುತ್ತಿರುತ್ತದೆ. ಸಣ್ಣ ಪಿಸ್ಟನ್ ಕಂಪ್ರೆಸರ್‌ಗಳು ಎಡೆಬಿಡದೆ ಓಡಲು ಮಾಡಿದವಲ್ಲ. ಮೇ ತಿಂಗಳ ಮಧ್ಯಾಹ್ನ, ಪತ್ರಾಸ್ ಶೆಡ್, ವೋಲ್ಟೇಜ್ ಬೇರೆ ಇಳಿದಿರುತ್ತದೆ. ಮೋಟರ್ ಕಾಯಿಲ್ ಸುಟ್ಟು ನನ್ನ ಹತ್ತಿರ ಬಂದ ಕಂಪ್ರೆಸರ್‌ಗಳು ಹೆಚ್ಚಾಗಿ ಇಂಥ ಶೆಡ್ಡುಗಳವೇ.

ಕಂಪ್ರೆಸರಿನ ಪ್ಲೇಟಿನ ಮೇಲೆ ಬರೆದ ಸಿಎಫ್ಎಂ ನೋಡಿ ಮೋಸಹೋಗಬೇಡಿ. ಅದು ಬಹಳ ಸಲ ಡಿಸ್‌ಪ್ಲೇಸ್‌ಮೆಂಟ್, ಪಿಸ್ಟನ್ ಸರಿದ ಜಾಗದ ಲೆಕ್ಕ. ಕೈಗೆ ಸಿಗುವ ಗಾಳಿ ಅದಕ್ಕಿಂತ ಕಡಿಮೆ. ಕೈಗೆ ಸಿಗುವ ಆ ಗಾಳಿಗೆ ಎಫ್ಎಡಿ (ಫ್ರೀ ಏರ್ ಡೆಲಿವರಿ) ಎನ್ನುತ್ತಾರೆ. ನೀವೇ ಅಳೆಯಬಹುದು. ಹೊರಗಿನ ವಾಲ್ವ್ ಬಂದ್ ಮಾಡಿ, ಗೇಜ್ 5.5 ಬಾರ್‌ನಿಂದ 8 ಬಾರ್‌ಗೆ ಏರಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ. ಟಾಂಕಿಯ ಲೀಟರನ್ನು, ಏರಿದ ಬಾರ್ ಎಷ್ಟೋ ಅಷ್ಟರಿಂದ, ಅಂದರೆ ಎರಡೂವರೆಯಿಂದ ಗುಣಿಸಿ, ನಿಮಿಷದಿಂದ ಭಾಗಿಸಿ, ಬಂದದ್ದನ್ನು 28ರಿಂದ ಭಾಗಿಸಿ. ಗೇಜ್ ಹಳೆಯದಾದರೆ ಲೆಕ್ಕ ಆಚೀಚೆ ಆದೀತು. ಆದರೂ ಅಂಗಡಿಯವರ ಮಾತಿಗಿಂತ ಇದು ವಾಸಿ.

ಅಂಕಿ ಬಂದ ಮೇಲೆ ಜೆಟ್ ಆರಿಸಿ. ಎರಡು ಎಂಎಂ ಜೆಟ್ 80 ಪಿಎಸ್ಐನಲ್ಲಿ ಸುಮಾರು ಏಳು ಸಿಎಫ್ಎಂ ತಿನ್ನುತ್ತದೆ, 60ಕ್ಕೆ ಇಳಿಸಿದರೆ ಇನ್ನೂ ಕಡಿಮೆ. ಎರಡು ಎಚ್‌ಪಿ ಇರುವವರಿಗೆ ಇದೇ ದಾರಿ. ಕೆಲಸ ನಿಧಾನ, ಆದರೆ ನಿಲ್ಲುವುದಿಲ್ಲ. ಮೂರು ಎಂಎಂ ಜೆಟ್ಟೇ ಬೇಕು ಅನ್ನುವವರು ಐದು ಎಚ್‌ಪಿ, ಅದಕ್ಕೂ ಮೇಲಿನ ಕಂಪ್ರೆಸರ್, ತ್ರೀ ಫೇಸ್ ಕರೆಂಟು, ಎಲ್ಲ ಸೇರಿಸಿ ಖರ್ಚು ಬರೆಯಲಿ. ಆಮೇಲೆ ಕ್ಯಾಬಿನೆಟ್ಟಿನ ಮಾತು.

ಗಾಳಿ ಸಾಲದವರು ಇನ್ನೊಂದು ತಪ್ಪು ಮಾಡುತ್ತಾರೆ. ಇದನ್ನು ಬರೆಯುವಾಗ ನನ್ನ ಕೈ ಬಿಗಿಯಾಗುತ್ತದೆ. ಗನ್ ಕಡಿಯುವುದಿಲ್ಲ ಎಂದಾಗ ಒಳಗೆ ಹಾಕಿದ ಗಾರ್ನೆಟ್ ಕಲ್ಲಿನ ಪುಡಿ ಸರಿ ಇಲ್ಲ, ಗ್ಲಾಸ್ ಬೀಡ್ (ಸಣ್ಣ ಗಾಜಿನ ಮಣಿ) ಮೆತ್ತಗಿದೆ ಎನ್ನುತ್ತಾರೆ. ಕಾಗಿಣಾದಿಂದಲೋ ಭೀಮಾದಿಂದಲೋ ತಂದ ಮನೆ ಕಟ್ಟುವ ಮರಳನ್ನು ಜರಡಿ ಹಿಡಿದು ಸುರಿಯುತ್ತಾರೆ. ಹೆಸರಿನಲ್ಲೇ ಸ್ಯಾಂಡ್ ಇದೆಯಲ್ಲ ಎಂಬ ಧೈರ್ಯ. ಮರಳಿನಲ್ಲಿ ಸಿಲಿಕಾ ಇರುತ್ತದೆ. ಲೋಹಕ್ಕೆ ಬಡಿದು ಒಡೆದಾಗ ಕಣ್ಣಿಗೆ ಕಾಣದ ಧೂಳಾಗಿ ಶ್ವಾಸಕೋಶದ ತಳದವರೆಗೆ ಇಳಿದು ಅಲ್ಲೇ ಉಳಿಯುತ್ತದೆ. ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗುತ್ತ ಹೋಗುತ್ತದೆ. ಆ ಸಿಲಿಕೋಸಿಸ್ ರೋಗವನ್ನು ವಾಸಿಮಾಡುವ ಔಷಧಿ ಇಲ್ಲ. ಬ್ರಿಟನ್ನಿನವರು ಬ್ಲಾಸ್ಟಿಂಗಿಗೆ ಮರಳು ಬಳಸಬಾರದೆಂದು 1949ರಲ್ಲೇ ನಿಯಮ ತಂದರು.

ನನಗೆ ಕೆಲಸ ಕಲಿಸಿದ ಉಸ್ತಾದರು ಬಯಲಲ್ಲಿ ನಿಂತು, ಮೂಗಿಗೆ ಟವೆಲ್ ಸುತ್ತಿಕೊಂಡು, ವರ್ಷಗಟ್ಟಲೆ ಮರಳು ಹೊಡೆದರು. ಐವತ್ತು ತುಂಬುವುದರೊಳಗೆ ನಮ್ಮ ಮನೆಯ ಆರು ಮೆಟ್ಟಿಲು ಹತ್ತಲು ಎರಡು ಕಡೆ ಕೂತು ಬರುತ್ತಿದ್ದರು. ಬಂದ ಮೇಲೆ ಚಹಾ ಆರುವವರೆಗೆ ಮಾತಾಡುತ್ತಿರಲಿಲ್ಲ, ಉಸಿರಿಗಾಗಿ ಕಾಯುತ್ತಿದ್ದರು. ಕ್ಯಾಬಿನೆಟ್ ಮುಚ್ಚಿರುತ್ತದೆ ಎಂಬ ವಾದ ನನ್ನ ಮುಂದೆ ಬೇಡ. ಬಾಗಿಲಿನ ರಬ್ಬರ್ ಸವೆಯುತ್ತದೆ, ಗ್ಲೌಸ್ ಹರಿಯುತ್ತದೆ, ತೆಗೆದ ಕೂಡಲೇ ಧೂಳು ಮುಖಕ್ಕೆ ಬರುತ್ತದೆ. ತುಕ್ಕಿಗೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್, ಅಲ್ಯೂಮಿನಿಯಂ ಭಾಗಗಳಿಗೆ ಗ್ಲಾಸ್ ಬೀಡ್. ಇವುಗಳಿಗೂ ಧೂಳೆಳೆಯುವ ಯಂತ್ರ ಮತ್ತು ಮುಖಕ್ಕೆ ಸರಿಯಾದ ಮಾಸ್ಕ್ ಬೇಕೇ ಬೇಕು.

ಬೀದರಿನಿಂದ ಬಂದ ಒಬ್ಬರು ಅಜ್ಜಿಯ ಕಾಲದ ಬಿದ್ರಿ ಹೂಜಿ ಹಿಡಿದು, "ಇದನ್ನೂ ಸ್ವಚ್ಛ ಮಾಡಿಕೊಡ್ರಿ" ಅಂದರು. ಕೈ ಮುಗಿದು ವಾಪಸ್ ಕಳಿಸಿದೆ. ಆ ಕಪ್ಪು, ಕೊಳೆಯಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಕೋಟೆಯ ಮಣ್ಣಿನಿಂದ ಬರಿಸಿದ ಬಣ್ಣ. ಗ್ಲಾಸ್ ಬೀಡ್ ಹೊಡೆದರೂ ಕ್ಷಣದಲ್ಲಿ ಕಪ್ಪು ಹೋಗುತ್ತದೆ, ಬೆಳ್ಳಿ ಕೆಲಸವೂ ಹಾಳಾಗುತ್ತದೆ. ಎಂಜಿನ್ ಭಾಗಗಳಲ್ಲೂ ಇದೇ ಎಚ್ಚರ ಬೇಕು. ಕಾರ್ಬ್ಯುರೇಟರಿನ ಸಣ್ಣ ದಾರಿ, ಆಯಿಲ್ ಹರಿಯುವ ತೂತು ಮುಚ್ಚದೆ ಹೊಡೆದರೆ ಒಳಗೆ ಉಳಿದ ಬೀಡ್ ಬೇರಿಂಗ್ ತಿಂದುಹಾಕುತ್ತದೆ.

ಮಳೆಗಾಲದಲ್ಲಿ ಗನ್ ಕಟ್ಟಿಕೊಂಡರೆ ನೀರು ಬರುತ್ತಿದೆ ಎಂದರ್ಥ. ಗಾಳಿಯಲ್ಲಿನ ನೀರು ಹಿಡಿಯುವ ವಾಟರ್ ಟ್ರ್ಯಾಪನ್ನು ಕಂಪ್ರೆಸರಿನ ಬಾಯಿಗೇ ಹಚ್ಚಬೇಡಿ. ಅಲ್ಲಿ ಗಾಳಿ ಬಿಸಿ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ನಡುವೆ ಹದಿನೈದು ಇಪ್ಪತ್ತು ಅಡಿ ಜಿಐ ಪೈಪ್ ಇರಲಿ. ಗಾಳಿ ತಣ್ಣಗಾದ ಮೇಲೆ ಟ್ರ್ಯಾಪ್ ಹಿಡಿಯುತ್ತದೆ. ಕ್ಯಾಬಿನೆಟ್ಟಿಗೆ ಅರ್ಥಿಂಗ್ ಕೊಡಿ, ಇಲ್ಲದಿದ್ದರೆ ಕೈಗೆ ಚುರುಕ್ ಅನ್ನುತ್ತದೆ. ಕಿಟಕಿ ಗಾಜಿಗೆ ಬದಲಿಸಬಹುದಾದ ಫಿಲ್ಮ್ ಇದೆಯೇ ನೋಡಿ. ಅಳತೆ, ನಿಮ್ಮ ಅತಿ ದೊಡ್ಡ ಭಾಗ ಒಳಗೆ ಇಟ್ಟು ತಿರುಗಿಸಲು ಬರುವಷ್ಟಿದ್ದರೆ ಸಾಕು.

ಆಳಂದದ ಹುಡುಗನಿಗೆ ಗಡಿಯಾರದ ಲೆಕ್ಕ ಹೇಳಿ ಫೋನ್ ಇಟ್ಟಿದ್ದೆ. ಮುನಿಸಿಕೊಂಡನೇನೋ ಅಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಮತ್ತೆ ಫೋನು.

"ಕಾಕಾ, ಎರಡೂವರೆ ನಿಮಿಷ ಹಿಡೀತು. ನಾಲ್ಕುನೂರು ಲೀಟರ್, ಭಾಗಿಸಿದ್ರ 160. ಆರೂ ಬೀಳಂಗಿಲ್ರೀ. ನಿಮ್ಮ ಬಲ್ಲಿ ಎರಡು ಎಂಎಂ ಜೆಟ್ ಇದ್ರ ಒಂದು ತೆಗೆದಿಡ್ರಿ, ಸೋಮವಾರ ಬರ್ತೀನಿ."