ಐಪಿ, ಡಿಎನ್‌ಎಸ್, ಪೋರ್ಟ್ ಮತ್ತು ಆ ಬೀಗದ ಗುರುತು

ಬ್ರೌಸರಿನಲ್ಲಿ ಒಂದು ಹೆಸರು ಟೈಪ್ ಮಾಡಿ ಎಂಟರ್ ಒತ್ತುತ್ತೀರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ತೆರೆದುಕೊಳ್ಳುತ್ತದೆ. ಆ ಒಂದು ಕ್ಷಣದಲ್ಲಿ ಏನೇನು ನಡೆಯಿತು ಅಂತ ಬೆನ್ನುಹತ್ತಿ ಹೋದರೆ ನೆಟ್‌ವರ್ಕಿಂಗ್‌ನ ಮುಖ್ಯ ಪದಗಳು ಒಂದೊಂದಾಗಿ ಎದುರಾಗುತ್ತವೆ. ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

ಮೊದಲು ಐಪಿ ವಿಳಾಸ. ನೆಟ್‌ವರ್ಕಿನಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಬೇಕು. ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಅದು ಚುಕ್ಕಿ ಇಟ್ಟು ಬರೆದ ನಾಲ್ಕು ಸಂಖ್ಯೆ. ಒಂದೊಂದೂ 0ಯಿಂದ 255ರ ಒಳಗೆ. ಎಲ್ಲ ಲೆಕ್ಕ ಹಾಕಿದರೆ ಸುಮಾರು 429 ಕೋಟಿ ವಿಳಾಸ ಆಗುತ್ತದೆ. ಜಗತ್ತಿನ ಫೋನು, ಲ್ಯಾಪ್‌ಟಾಪು, ಟಿವಿಗಳಿಗೆಲ್ಲ ಅದು ಸಾಲುವುದಿಲ್ಲ. ಹಾಗಾಗಿ ಇನ್ನೂ ಉದ್ದದ, 128 ಬಿಟ್‌ಗಳ ವಿಳಾಸವಿರುವ ಐಪಿವಿ6 ಬಂತು. ಹಳೆಯದು ಇನ್ನೂ ಚಲಾವಣೆಯಲ್ಲಿದೆ. ಅದಕ್ಕೆ ಕಾರಣ ಒಂದು ಉಪಾಯ.

ಆ ಉಪಾಯವನ್ನು ನೀವೇ ನೋಡಬಹುದು. ಫೋನಿನ ವೈಫೈ ಸೆಟ್ಟಿಂಗ್ಸ್ ತೆರೆದು ಐಪಿ ವಿಳಾಸ ಹುಡುಕಿ. ಹೆಚ್ಚಿನ ಮನೆಗಳಲ್ಲಿ ಅದು 192.168 ಅಂತ ಶುರುವಾಗುತ್ತದೆ. ಇದೇ ನಂಬರು ಬೇರೆ ಲಕ್ಷಾಂತರ ಮನೆಗಳಲ್ಲೂ ಇರುತ್ತದೆ, ಆದರೂ ಗೊಂದಲವಿಲ್ಲ. ಯಾಕೆಂದರೆ ಇದು ಮನೆಯೊಳಗೆ ಮಾತ್ರ ನಡೆಯುವ ನಂಬರು. ಹೊರಗಿನವರಿಗೆ ಕಾಣುವುದು ನಿಮ್ಮ ರೌಟರಿನ ವಿಳಾಸ. ಯಾವ ಉತ್ತರ ಒಳಗಿನ ಯಾವ ಫೋನಿಗೆ ಹೋಗಬೇಕು ಎಂಬ ಲೆಕ್ಕವನ್ನು ರೌಟರೇ ಇಟ್ಟುಕೊಳ್ಳುತ್ತದೆ. ಇದಕ್ಕೆ ನ್ಯಾಟ್ ಅನ್ನುತ್ತಾರೆ.

ಸಂಖ್ಯೆ ಯಂತ್ರಕ್ಕೆ ಸುಲಭ, ನಮಗೆ ಹೆಸರೇ ಸುಲಭ. ಹೆಸರು ಕೊಟ್ಟರೆ ಸಂಖ್ಯೆ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಇಂಟರ್ನೆಟ್ಟಿಗೆ ಮೊದಲಿದ್ದ ಅರ್ಪಾನೆಟ್ ಎಂಬ ಜಾಲದ ಕಾಲದಲ್ಲಿ ಎಲ್ಲ ಹೆಸರುಗಳೂ ಒಂದೇ ಫೈಲಿನಲ್ಲಿದ್ದವು. ಅದನ್ನು ಒಂದು ಕಡೆ ತಿದ್ದುತ್ತಿದ್ದರು, ಉಳಿದವರು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಜಾಸ್ತಿಯಾದಂತೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಇದರಲ್ಲಿ ಎಲ್ಲವನ್ನೂ ಬಲ್ಲವರು ಯಾರೂ ಇಲ್ಲ. ಮೇಲಿನ ಸರ್ವರ್ '.ಕಾಂ ಹೆಸರುಗಳನ್ನು ಅವರ ಹತ್ತಿರ ಕೇಳು' ಅನ್ನುತ್ತದೆ. ಅವರು 'ಈ ಹೆಸರನ್ನು ಇವರ ಹತ್ತಿರ ಕೇಳು' ಅನ್ನುತ್ತಾರೆ. ಅಂದರೆ ಹುಡುಕಾಟ ಹೆಸರಿನ ಬಲತುದಿಯಿಂದ ಎಡಕ್ಕೆ ನಡೆಯುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ವಿಳಾಸ ಸಿಕ್ಕಿತು. ಇನ್ನು ಮಾಹಿತಿ ಸಾಗಬೇಕು. ಅದು ಇಡಿಯಾಗಿ ಹೋಗುವುದಿಲ್ಲ, ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಹೋಗುತ್ತದೆ. ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟಿನೊಳಗೆ ಇರುತ್ತದೆ. 3 ಎಂಬಿ ಫೋಟೊ ಅಂದರೆ ಸುಮಾರು 2000 ತುಂಡು. ದಾರಿಯಲ್ಲಿ ಕಳೆದುಹೋದದ್ದನ್ನು ಮತ್ತೆ ಕಳಿಸಿ, ಎಲ್ಲವನ್ನೂ ಸರಿಯಾದ ಸಾಲಿನಲ್ಲಿ ಜೋಡಿಸುವ ನಿಯಮ ಟಿಸಿಪಿ. ಹೋದರೆ ಹೋಯಿತು, ತಡ ಆಗಬಾರದು ಅನ್ನುವ ಕಡೆ, ಉದಾಹರಣೆಗೆ ವಿಡಿಯೊ ಕರೆಯಲ್ಲಿ, ಯುಡಿಪಿ ಬಳಸುತ್ತಾರೆ.

ಪೋರ್ಟ್ ಅಂದಕೂಡಲೇ ಕೇಬಲ್ ಸಿಕ್ಕಿಸುವ ತೂತು ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದು ಬರೀ ಒಂದು ಸಂಖ್ಯೆ, 0ಯಿಂದ 65535ರವರೆಗೆ. ಒಂದೇ ಯಂತ್ರದಲ್ಲಿ ಹತ್ತಾರು ಪ್ರೋಗ್ರಾಂ ಕೆಲಸ ಮಾಡುತ್ತಿರುತ್ತವೆ. ಬಂದ ಪ್ಯಾಕೆಟ್ ಯಾವುದಕ್ಕೆ ಸೇರಬೇಕು ಅಂತ ಈ ಸಂಖ್ಯೆ ಹೇಳುತ್ತದೆ. ಸುರಕ್ಷಿತ ವೆಬ್‌ಸೈಟಿಗೆ 443, ಡಿಎನ್‌ಎಸ್‌ಗೆ 53. ಯಾವ ಪೋರ್ಟಿಗೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅಂತ ಕಾಯುವುದೇ ಫೈರ್‌ವಾಲ್.

ಇದೆಲ್ಲ ಪುಸ್ತಕದ ಮಾತಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಹಾನಿಕಾರಕ ಪ್ರೋಗ್ರಾಂ ಹರಡಿದ್ದು ವಿಂಡೋಸ್ ಯಂತ್ರಗಳು ಫೈಲ್ ಹಂಚಿಕೊಳ್ಳಲು ಬಳಸುವ 445ನೇ ಪೋರ್ಟಿನ ಮೂಲಕ. ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಒಂದು ಯಂತ್ರ ಹೊಕ್ಕಿದ್ದೇ ತಡ, ಪಕ್ಕದ ಯಂತ್ರಗಳನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು. ಹೀಗೆ ತಾನಾಗಿ ಹರಡುವುದಕ್ಕೆ ವರ್ಮ್ ಅನ್ನುತ್ತಾರೆ. ವೈರಸ್ ಹಾಗಲ್ಲ, ಇನ್ನೊಂದು ಫೈಲಿಗೆ ಅಂಟಿಕೊಂಡು, ಯಾರಾದರೂ ಅದನ್ನು ತೆರೆಯಲಿ ಅಂತ ಕಾಯುತ್ತದೆ. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿದರೆ ಅದು ರಾನ್ಸಮ್‌ವೇರ್. ವನ್ನಾಕ್ರೈ ವರ್ಮೂ ಹೌದು, ರಾನ್ಸಮ್‌ವೇರೂ ಹೌದು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಹೊಟ್ಟೆ ಉರಿಯುವ ಸಂಗತಿ ಬೇರೆಯೇ ಇದೆ. ವನ್ನಾಕ್ರೈ ಒಳನುಗ್ಗಲು ಬಳಸಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್, ಅಂದರೆ ಸರಿಪಡಿಸುವ ಅಪ್‌ಡೇಟ್, ಕೊಟ್ಟಿತ್ತು. ಎರಡು ತಿಂಗಳಾದರೂ ಎಷ್ಟೋ ಕಡೆ ಅದನ್ನು ಹಾಕಿಕೊಂಡಿರಲಿಲ್ಲ. 'ಅಪ್‌ಡೇಟ್ ನಾಳೆ ನೋಡೋಣ' ಅನ್ನುವ ಮುಂಚೆ ನನಗೆ ಈಗಲೂ ಇದು ನೆನಪಾಗುತ್ತದೆ.

ಈಗ ಬ್ರೌಸರಿನಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಗುರುತಿಗೆ ಬರೋಣ. ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿದಿರುವುದು ಇದರ ಬಗ್ಗೆಯೇ.

ವಿಳಾಸದ ಮೊದಲು ಎಚ್‌ಟಿಟಿಪಿಎಸ್ ಇದ್ದರೆ (ಬೀಗ ಹೇಳುವುದು ಇದನ್ನೇ) ನಿಮ್ಮ ಮತ್ತು ಸರ್ವರಿನ ನಡುವಿನ ಮಾತು ಟಿಎಲ್‌ಎಸ್ ಎಂಬ ವಿಧಾನದಿಂದ ಗೂಢಲಿಪಿಯಾಗಿ ಹೋಗುತ್ತದೆ. ನಡುವೆ ಕದ್ದು ನೋಡಿದವರಿಗೆ ತಲೆಬುಡ ತಿಳಿಯುವುದಿಲ್ಲ. ಜೊತೆಗೆ ಸರ್ಟಿಫಿಕೇಟ್ ಇರುತ್ತದೆ. ನೀವು ಮಾತಾಡುತ್ತಿರುವುದು ವಿಳಾಸದಲ್ಲಿ ಕಾಣುವ ಆ ಹೆಸರಿನ ಸರ್ವರಿನ ಜೊತೆಗೇ ಅಂತ ಅದು ಖಾತ್ರಿ ಕೊಡುತ್ತದೆ. ಅಷ್ಟೇ. ಆ ಹೆಸರಿನ ಒಡೆಯ ಒಳ್ಳೆಯವನೋ ಕಳ್ಳನೋ ಅಂತ ಅದು ಹೇಳುವುದಿಲ್ಲ. ಸರ್ಟಿಫಿಕೇಟ್ ಈಗ ಪುಕ್ಕಟೆಯಾಗಿ, ಕೆಲವೇ ನಿಮಿಷದಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಮೋಸದ ಸೈಟಿಗೂ ಸಿಗುತ್ತದೆ. ಬೀಗ ಕಂಡರೆ ಜನ ಸೈಟನ್ನೇ ನಂಬಿಬಿಡುತ್ತಾರೆ ಎಂಬ ಕಾರಣಕ್ಕೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಗುರುತು ತೆಗೆದು ಬೇರೆ ಚಿಹ್ನೆ ಹಾಕಿತು. ನನ್ನ ಮಟ್ಟಿಗೆ ಅದು ತಡವಾದರೂ ಸರಿಯಾದ ಕೆಲಸ.

ಹಾಗಾದರೆ ನೋಡಬೇಕಾದ್ದು ಹೆಸರನ್ನು. ನಂಬಿಸಿ ಪಾಸ್‌ವರ್ಡ್ ಕಸಿಯುವ ಫಿಶಿಂಗ್ ನಡೆಯುವುದೇ ಅಲ್ಲಿ. 'ನಿಮ್ಮಬ್ಯಾಂಕ್.ಕಾಂ.ಲಾಗಿನ್-ಚೆಕ್.ನೆಟ್/ಖಾತೆ' ಅಂತ ಒಂದು ಲಿಂಕ್ ಬಂತು ಅನ್ನಿ. ಕಣ್ಣು ಎಡದಿಂದ ಓದುತ್ತದೆ, 'ನಿಮ್ಮಬ್ಯಾಂಕ್' ಕಂಡು ಸಮಾಧಾನ ಮಾಡಿಕೊಳ್ಳುತ್ತದೆ. ಡಿಎನ್‌ಎಸ್ ಓದುವುದು ಬಲದಿಂದ. ಹೆಸರು ಮುಗಿದ ಮೇಲೆ ಬರುವ ಮೊದಲ ಓರೆಗೆರೆ (/) ಹುಡುಕಿ, ಅಲ್ಲಿಂದ ಎಡಕ್ಕೆ ಬನ್ನಿ: ನೆಟ್, ಅದರ ಹಿಂದೆ ಲಾಗಿನ್-ಚೆಕ್. ಒಡೆಯ ಅವನೇ. ಅದರ ಎಡಕ್ಕಿರುವುದನ್ನೆಲ್ಲ ಅವನು ತನಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು. '.ಕೋ.ಇನ್' ತರಹ ಕೊನೆ ಭಾಗವೇ ಎರಡು ತುಂಡಾಗಿದ್ದರೆ ಇನ್ನೊಂದು ಹೆಜ್ಜೆ ಎಡಕ್ಕೆ ಹೋಗಿ.

ಒಟಿಪಿ ಇದ್ದರೆ ಭಯವಿಲ್ಲ ಅಂದುಕೊಳ್ಳಬೇಡಿ. ನಕಲಿ ಪುಟ ಒಟಿಪಿಯನ್ನೂ ಕೇಳಿ, ಅದೇ ಕ್ಷಣ ಅಸಲಿ ಸೈಟಿಗೆ ಹಾಕಿಬಿಡಬಹುದು. ವಿಪಿಎನ್ನೂ ಇಲ್ಲಿ ಕೈಹಿಡಿಯುವುದಿಲ್ಲ. ಅದು ನೀವು ಸಾಗುವ ದಾರಿಯನ್ನು ಮರೆಮಾಡುತ್ತದೆ, ಎಲ್ಲಿಗೆ ಹೋಗಿ ಸೇರಿದಿರಿ ಅಂತ ನೋಡುವುದಿಲ್ಲ.

ಇಲ್ಲಿ ನಿಜವಾಗಿ ನೆರವಿಗೆ ಬರುವುದು ಪಾಸ್‌ವರ್ಡ್‌ಗಳನ್ನು ಉಳಿಸಿಟ್ಟು ತಾನೇ ತುಂಬುವ ಪಾಸ್‌ವರ್ಡ್ ಮ್ಯಾನೇಜರ್. ಅದು ಪುಟದ ಬಣ್ಣ, ಲೋಗೊ ನೋಡುವುದಿಲ್ಲ. ಹೆಸರು ಅಕ್ಷರಕ್ಕೆ ಅಕ್ಷರ ಕೂಡಿಬಂದರೆ ಮಾತ್ರ ಪಾಸ್‌ವರ್ಡ್ ತುಂಬುತ್ತದೆ. ಪಾಸ್‌ವರ್ಡ್ ಬದಲಿಗೆ ಬಳಸುವ ಪಾಸ್‌ಕೀ ಕೂಡ ಹೀಗೇ, ಬೇರೆ ಹೆಸರಿನ ಸೈಟಿನಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ದಿನಾ ತಾನಾಗಿ ತುಂಬುವ ಪಾಸ್‌ವರ್ಡ್ ಇವತ್ತು ಸುಮ್ನೆ ಕೂತಿದೆಯಾ? ಕೈಯಾರೆ ಟೈಪ್ ಮಾಡಲು ಹೋಗಬೇಡಿ. ಮೊದಲ ಓರೆಗೆರೆಯಿಂದ ಎಡಕ್ಕೆ ಇನ್ನೊಮ್ಮೆ ಓದಿ ನೋಡಿ.