ಆಸ್ಪತ್ರೆ ಬೆಂಚಿನ ಮೇಲೆ ಕೂರದ ಮಕ್ಕಳು

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿ ದಾಟಿ ಬಲಕ್ಕೆ ತಿರುಗಿದರೆ 'ಸ್ನೇಹ ಕ್ಲಿನಿಕ್' ಅನ್ನುವ ಬೋರ್ಡ್ ಇದೆ. ಹದಿಹರೆಯದವರು ಮೈಯ, ಮನಸ್ಸಿನ ತೊಂದರೆ ಹೇಳಿಕೊಳ್ಳಲಿಕ್ಕೆಂದೇ ಇರುವ ಕೋಣೆ. ಎದುರಿಗೊಂದು ಕಬ್ಬಿಣದ ಬೆಂಚು. ಅಮ್ಮನ ಶುಗರ್ ಚೆಕ್ ಮಾಡಿಸಲು ಹೋದಾಗ ಒಂದು ದಿನ ಆ ಬೆಂಚಿನ ತುದಿಯಲ್ಲಿ ಪಿಯುಸಿ ಓದುವ ವಯಸ್ಸಿನ ಹುಡುಗಿಯೊಬ್ಬಳು ಕೂತಿದ್ದಳು. ಪಕ್ಕದಲ್ಲಿದ್ದ ಹೆಂಗಸು, "ನೀನು ಮೇಷ್ಟ್ರ ಮಗಳಲ್ವಾ? ಯಾಕಮ್ಮಾ, ಹುಷಾರಿಲ್ವಾ?" ಅಂದರು. "ಅಜ್ಜಿಗೆ ಮಾತ್ರೆ ತಗೊಂಡು ಹೋಗೋಕೆ ಬಂದೆ ಆಂಟಿ" ಅಂತ ಹುಡುಗಿ ಎದ್ದಳು. ಮಾತ್ರೆ ಕೊಡುವ ಕಡೆ ಹೋಗಲಿಲ್ಲ. ಸೀದಾ ಗೇಟಿನ ಕಡೆ ನಡೆದಳು.

ಆ ಬೆಂಚು ಅಲ್ಲಿಗೆ ಬರುವುದಕ್ಕೆ ನಲವತ್ತು ವರ್ಷ ಹಿಡಿದಿದೆ.

1974ರಲ್ಲಿ ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ ನಿಮ್ಹಾನ್ಸ್ ಆಯಿತು. ಆಮೇಲೆ ಅಲ್ಲಿನ ವೈದ್ಯರು ಬನ್ನೇರುಘಟ್ಟದ ಹತ್ತಿರದ ಸಕಲವಾರ ಎಂಬ ಹಳ್ಳಿಯಲ್ಲಿ ಒಂದು ಕೇಂದ್ರ ತೆರೆದರು. ರೋಗಿ ಬೆಂಗಳೂರಿಗೆ ಬರುವುದನ್ನು ಕಾಯುವ ಬದಲು, ಹಳ್ಳಿಯ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೇ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಿದರೆ ಹೇಗೆ ಅನ್ನುವ ಯೋಚನೆ. 1985ರ ಹೊತ್ತಿಗೆ ಅದನ್ನು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. ನಡೆಯಿತು. ಎಷ್ಟು ಚೆನ್ನಾಗಿ ನಡೆಯಿತು ಅಂದರೆ, 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಎದುರಿಗಿದ್ದ ಮಾದರಿ ಬಳ್ಳಾರಿಯದೇ.

ಆದರೆ ಬಳ್ಳಾರಿಯಲ್ಲಿ ಹುಡುಕಿದ್ದು ಯಾರನ್ನು? ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು, ಮೂರ್ಛೆರೋಗ ಇದ್ದವರನ್ನು. ಅದು ತಪ್ಪಲ್ಲ, ಅವರಿಗೆ ಆಗ ಗತಿಯೇ ಇರಲಿಲ್ಲ. ಆದರೆ ಊಟ ಬಿಟ್ಟು ಕೋಣೆ ಬಾಗಿಲು ಹಾಕಿಕೊಳ್ಳುವ ಹುಡುಗನಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಅವನದು ಕಾಯಿಲೆ ಅಲ್ಲವೇ ಅಲ್ಲ, ಕೊಬ್ಬು ಅಂತ ಮನೆಯವರ ಲೆಕ್ಕ.

ಆ ಹುಡುಗ ಸರ್ಕಾರದ ಲೆಕ್ಕಕ್ಕೆ ಸಿಕ್ಕಿದ್ದು ತಡವಾಗಿ. 2015-16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ, 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತು. ಮಹಾನಗರಗಳಲ್ಲಿ ಹಳ್ಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಜೀವ ಕಳೆದುಕೊಂಡ ವಿದ್ಯಾರ್ಥಿಗಳು 13,044.

ಸ್ನೇಹ ಕ್ಲಿನಿಕ್ ಈ ಅಂಕಿ ಬರುವ ಮೊದಲೇ ಇತ್ತು. 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗೆ ಪ್ರತ್ಯೇಕ ಕ್ಲಿನಿಕ್ ಬೇಕು, ಹೇಳಿದ್ದು ಗುಟ್ಟಾಗಿ ಉಳಿಯಬೇಕು ಅಂದಿತು. ಕಾಗದದ ಮೇಲೆ ಒಳ್ಳೆಯ ಮಾತು. ಗುಟ್ಟಿನ ವಿಷಯಕ್ಕೆ ಮಾತ್ರ 2012ರ ಪೋಕ್ಸೊ ಕಾಯ್ದೆ ಅಡ್ಡ ಬರುತ್ತದೆ. 18 ತುಂಬದವರ ಲೈಂಗಿಕ ಸಂಬಂಧ ಗೊತ್ತಾದರೆ, ಇಬ್ಬರೂ ಒಪ್ಪಿದ್ದರೂ, ಕ್ಲಿನಿಕ್‌ನ ಸಮಾಲೋಚಕಿ ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ ಅವರಿಗೇ ಶಿಕ್ಷೆ. ಮಕ್ಕಳನ್ನು ಕಾಯಲು ಈ ಕಾನೂನು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿನೇಳರ ಹುಡುಗಿಯ ತಲೆ ಕೆಡಿಸಿರುವುದು ಅದೇ ಪ್ರೀತಿ ಆಗಿದ್ದರೆ? ಅವಳು ಬಾಯಿ ಬಿಡುವ ಮೊದಲೇ ಎದುರಿಗಿರುವವರು "ಅಷ್ಟೊಂದು ಹೇಳಬೇಡಮ್ಮಾ" ಅನ್ನಬೇಕಾದ ಸ್ಥಿತಿ.

ಹಾಗಾದರೆ ಶಾಲೆಯಲ್ಲೇ ಮಾಡಿದರಾಯ್ತಲ್ಲ, ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರಾಯ್ತಲ್ಲ ಅನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತಿತ್ತು, ಬಿಹಾರದ ನಳಂದಾ ಜಿಲ್ಲೆಯ ಪ್ರಯೋಗದ ಬಗ್ಗೆ ಓದುವವರೆಗೆ. ಗೋವಾದ ಸಂಗಾತ್ ಸಂಸ್ಥೆ 74 ಪ್ರೌಢಶಾಲೆಗಳಲ್ಲಿ ನಡೆಸಿದ್ದು, 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಕ್ಕಳು ಮನಸ್ಸಿನಲ್ಲಿದ್ದದ್ದನ್ನು ಬರೆದು ಹಾಕಲು ಒಂದು ಪೆಟ್ಟಿಗೆ, ಗೋಡೆ ಪತ್ರಿಕೆ, ಗುಂಪು ಚರ್ಚೆ, ಬೇಕಾದವರಿಗೆ ಒಬ್ಬೊಬ್ಬರ ಜೊತೆ ಮಾತು. ಕೆಲವು ಶಾಲೆಗಳಲ್ಲಿ ಈ ಕೆಲಸ ಅಲ್ಲಿನ ಶಿಕ್ಷಕರದು. ಇನ್ನು ಕೆಲವು ಕಡೆ ಇದಕ್ಕೆಂದೇ ತರಬೇತಿ ಕೊಟ್ಟು ಕಳಿಸಿದವರದು. ಅವರು ಮನೋತಜ್ಞರೇನಲ್ಲ, ಸಾಮಾನ್ಯ ಜನ. ಅವರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ ಇಳಿಯಿತು, ಹೊಡೆದಾಟ, ಗೇಲಿ, ಕಾಟ ಕಡಿಮೆಯಾಯಿತು. ಶಿಕ್ಷಕರು ಮಾಡಿದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಶಿಕ್ಷಕರು ಕೆಟ್ಟವರು ಅಂತಲ್ಲ. ಬೆಳಿಗ್ಗೆ ಹೋಂವರ್ಕ್ ಕೇಳುವವರ ಹತ್ತಿರ ಮಧ್ಯಾಹ್ನ ಅಳಲು ಆಗುವುದಿಲ್ಲ. ಅವರು ಅಪ್ಪನಿಗೆ ಫೋನ್ ಮಾಡಬಲ್ಲವರು ಬೇರೆ. ಅಪ್ಪ ಅಮ್ಮನೂ ಅಲ್ಲದ, ಮಾರ್ಕ್ಸ್ ಕೊಡುವವರೂ ಅಲ್ಲದ, ಬಿಳಿ ಕೋಟೂ ಹಾಕದ ಒಬ್ಬರು ಬೇಕು, ಅವರು ಊರಿನಲ್ಲೇ ಸಿಗಬೇಕು. ಇಂಥವರನ್ನು ತಯಾರು ಮಾಡುವುದು ಕನ್ನಡಿಗರಿಗೆ ಹೊಸದೇನಲ್ಲ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಬೆಂಗಳೂರಿನಲ್ಲಿ 'ಸಮಾಧಾನ' ಎಂಬ ಉಚಿತ ಸಲಹಾ ಕೇಂದ್ರ ಕಟ್ಟಿ, ತಜ್ಞರಲ್ಲದವರಿಗೂ ಆಪ್ತಸಲಹೆ ಕಲಿಸಿದ್ದಾರೆ.

ಈಗ ಒತ್ತಡ ಮೇಲಿನಿಂದಲೂ ಇದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬ ಅರ್ಹ ಸಮಾಲೋಚಕರು ಇರಲೇಬೇಕು ಎಂದಿತು. ಫೋನಿನಲ್ಲಿ ಮಾತಾಡುವವರಿಗೆ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೆಯಲ್ಲಿರುವುದು ಒಂದೇ ಮೊಬೈಲ್, ಅದೂ ಅಪ್ಪನ ಜೇಬಿನಲ್ಲಿ ಅನ್ನುವ ಮಕ್ಕಳು ಏನು ಮಾಡಬೇಕು, ಅದು ಬೇರೆ ಮಾತು.

ನನಗೆ ಜಾಸ್ತಿ ಇಷ್ಟವಾಗುವುದು ಯುವ ಸ್ಪಂದನ. ರಾಜ್ಯದ ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲೆ ಜಿಲ್ಲೆಗಳಲ್ಲಿ ನಡೆಸುವ, ಯುವಜನರಿಗೆ ಸಲಹೆ ಕೊಡುವ ಕೇಂದ್ರಗಳಿವು. 'ಯುವ ಪರಿವರ್ತಕರು' ಅಂತ ತರಬೇತಿ ಪಡೆದ ಸ್ಥಳೀಯ ಯುವಕ ಯುವತಿಯರು ಇಲ್ಲಿ ಕೆಲಸ ಮಾಡುತ್ತಾರೆ. ಕೇಂದ್ರ ಇರುವುದು ಜಿಲ್ಲಾ ಕ್ರೀಡಾಂಗಣದಲ್ಲಿ. ಇಲಾಖೆಯ ಕಚೇರಿ ಅಲ್ಲಿದೆ ಅನ್ನುವ ಕಾರಣಕ್ಕೆ ಇರಬಹುದು, ಆದರೂ ಜಾಗ ಸರಿಯಾಗಿದೆ. ಬ್ಯಾಟ್ ಹಿಡಿದು ಸ್ಟೇಡಿಯಂ ಗೇಟ್ ದಾಟುವ ಹುಡುಗನನ್ನು ಯಾರೂ "ಯಾಕಪ್ಪಾ, ಹುಷಾರಿಲ್ವಾ?" ಅಂತ ಕೇಳುವುದಿಲ್ಲ. ಹುಡುಗಿ ದಾಟಿದರೆ ಕೇಳುತ್ತಾರೆ, ಬೇರೆ ಪ್ರಶ್ನೆ: "ಇಷ್ಟು ಹೊತ್ತಿನಲ್ಲಿ ಇಲ್ಲಿ ನಿನಗೇನಮ್ಮಾ ಕೆಲಸ?"