ಧಾರ್ಮಿಕತೆ ಮತ್ತ ಮಾನಸಿಕ ನೆಮ್ಮದಿ: ಪರೀಕ್ಷಾಕ್ಕ ಓದೋರಿಗೆ ಒಂದಿಷ್ಟು ನೋಟ್ಸ್

ಧಾರ್ಮಿಕತೆಗೂ ಮಾನಸಿಕ ನೆಮ್ಮದಿಗೂ ಏನ ನಂಟು ಅನ್ನೋ ಪ್ರಶ್ನೆ ಬಂದ್ರ ಭಾಳ ಮಂದಿ "ಭಕ್ತಿ ಇದ್ದ್ರ ನೆಮ್ಮದಿ ಇರ್ತದ" ಅಂತ ಬರದು ಕೈ ತೊಳ್ಕೋತಾರ, ಅಷ್ಟಕ್ಕ ಮಾರ್ಕ್ಸ್ ಬರಂಗಿಲ್ರಿ. ಮೊದ್ಲ ಕೇಳಬೇಕಾದ್ದು, ಭಕ್ತಿ ಅಂದ್ರ ಯಾವ ನಮೂನಿದು ಅಂತ.

ಶನಿವಾರ ಧಾರವಾಡದ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಒಂದ ರೂಮಿನ ಇಬ್ರು ಹುಡುಗ್ಯಾರು ಹೋಗ್ತಾರ ಅಂತ ಇಟ್ಕೋರಿ. ಒಬ್ಬಾಕಿ ಎಲ್ಲಾರೂ ಹೊಂಟಾರಂತ ಹೋಗ್ತಾಳ, ಇನ್ನೊಬ್ಬಾಕಿಗೆ ದಿನಾ ಹೆಂಗ ಬಾಳ್ವೆ ಮಾಡ್ಬೇಕು ಅನ್ನೋದ ಆ ನಂಬಿಕಿ ಮ್ಯಾಲ ನಿಂತದ. ಪ್ರಶ್ನಾವಳಿ ಕೊಟ್ರ ಇಬ್ರೂ "ವಾರಕ್ಕೊಮ್ಮೆ" ಅಂತನ ಟಿಕ್ ಹಾಕ್ತಾರ. ಮನಶ್ಶಾಸ್ತ್ರಜ್ಞರಾದ ಆಲ್‌ಪೋರ್ಟ್ ಮತ್ತ ರಾಸ್ 1967ರಾಗ ಈ ವ್ಯತ್ಯಾಸನ ಬಾಹ್ಯ ಮತ್ತ ಆಂತರಿಕ ಧಾರ್ಮಿಕ ಒಲವು ಅಂತ ಬ್ಯಾರೆ ಮಾಡಿ ಅಳದ್ರು.

ನೆಮ್ಮದಿನೂ ಒಂದ ತುಂಡಲ್ಲ. ಕೆರೋಲ್ ರಿಫ್ 1989ರಾಗ ಆರು ಆಯಾಮ ಹೇಳ್ಯಾರ: ತನ್ನನ್ನ ತಾ ಒಪ್ಕೊಳ್ಳೋದು, ಮಂದಿ ಜೋಡಿ ಒಳ್ಳೆ ಸಂಬಂಧ, ಸ್ವಾಯತ್ತತೆ, ಸುತ್ತಲಿನ ಪರಿಸ್ಥಿತಿ ಮ್ಯಾಲ ಹಿಡಿತ, ಬದುಕಿಗೊಂದು ಗುರಿ, ವೈಯಕ್ತಿಕ ಬೆಳವಣಿಗಿ.

ಈಗ ಅಂಕಿ. ಸ್ಮಿತ್, ಮೆಕಲಫ್, ಪೋಲ್ 2003ರಾಗ 147 ಅಧ್ಯಯನ ಕೂಡಿಸಿ ನೋಡಿದಾಗ ಧಾರ್ಮಿಕತೆಗೂ ಖಿನ್ನತೆ ಲಕ್ಷಣಕ್ಕೂ ಸಹಸಂಬಂಧ −0.096 ಬಂತು, ಅಂದ್ರ ಧಾರ್ಮಿಕತೆ ಹೆಚ್ಚಿದ್ದಲ್ಲೆ ಖಿನ್ನತೆ ಲಕ್ಷಣ ತುಸು ಕಡಿಮಿ; ಇದನ್ನ ವರ್ಗ ಮಾಡಿದ್ರ, ಖಿನ್ನತೆಯ ಏರಿಳಿತದಾಗ ಧಾರ್ಮಿಕತೆ ಜೋಡಿ ಹೊಂದೋ ಪಾಲು ಶೇ. 1ಕ್ಕಿಂತ ಕಡಿಮಿ, ಆದ್ರ ಜೀವನದಾಗ ಪೆಟ್ಟು ತಿಂದು ಒತ್ತಡದಾಗ ಇರೋರಲ್ಲಿ ಈ ನಂಟು ಇನ್ನೂ ಗಟ್ಟಿ ಇತ್ತು, ಮತ್ತ ಬಾಹ್ಯ ಒಲವು ಇದ್ದಲ್ಲಿ ಖಿನ್ನತೆ ಲಕ್ಷಣ ಹೆಚ್ಚ ಕಂಡ್ವು.

ನನಗ ಎಲ್ಲಾಕ್ಕಿಂತ ಮುಖ್ಯ ಅನ್ಸೋದು, ಕಷ್ಟ ಬಂದಾಗ ಮಂದಿ ಧರ್ಮನ ಹೆಂಗ ಆಸರಾ ಮಾಡ್ಕೋತಾರ ಅಂತ ಅಳದ ಮನಶ್ಶಾಸ್ತ್ರಜ್ಞ ಪಾರ್ಗಮೆಂಟ್ ಅವರ ಕೆಲಸ. ಅವರ ಸಣ್ಣ ಮಾಪನದಾಗ 14 ಹೇಳಿಕಿ, 7 ಸಕಾರಾತ್ಮಕ, 7 ನಕಾರಾತ್ಮಕ. ಬ್ಯಾಕ್‌ಲಾಗ್ ಉಳದಾಗ "ದೇವ್ರು ದಾರಿ ತೋರಸ್ತಾನ" ಅನ್ನೋನೂ ಭಕ್ತನ, "ನನ್ನ ಪಾಪಕ್ಕ ದೇವ್ರು ಶಿಕ್ಷಾ ಕೊಟ್ಟಾನ, ನನ್ನ ಕೈ ಬಿಟ್ಟಾನ" ಅನ್ನೋನೂ ಭಕ್ತನ, ಆದ್ರ ಎರಡನೇ ಥರದ ವಿಚಾರ ಹೆಚ್ಚಿದ್ದಲ್ಲೆ ಖಿನ್ನತೆ, ಆತಂಕನೂ ಹೆಚ್ಚ ಕಾಣ್ತಾವ. ಹಾಸ್ಟೆಲ್‌ನಾಗ ಗೆಳ್ಯಾ ಹಿಂಗ ಮಾತಾಡಿದ್ರ "ಇನ್ನೊಂದು ಪೂಜಿ ಮಾಡ್ಸು" ಅಂತ ಕಳಸಬ್ಯಾಡ್ರಿ, ಬಾಜೂಕ ಕುಂತು ಪೂರ್ತಿ ಕೇಳ್ರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕೊಡ್ರಿ, ಇಲ್ಲೆ ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಜೋಡಿ ಹೋಗಿ ಬರ್ರಿ.

ಡಿಸರ್ಟೇಶನ್ ಮಾಡೋರಿಗೆ ಒಂದ ಮಾತು. ಮಠದ ಪ್ರಸಾದ ನಿಲಯದಾಗ ಇರೋ ಹುಡುಗ್ರಿಗೆ ಪ್ರಾರ್ಥನಿ ಜೋಡಿ ಹೊತ್ತಿಗೆ ಊಟ, ಗೆಳ್ಯಾರು, ಹೇಳೋರು ಕೇಳೋರು ಎಲ್ಲಾ ಸಿಗ್ತಾರ. ಅವರ ಸ್ಕೋರ್ ಛಲೋ ಬಂದ್ರ ಪ್ರಾರ್ಥನಿಯಿಂದ ಬಂತೋ ಕೂಡಿ ಇರೋದ್ರಿಂದ ಬಂತೋ ಒಂದ ಸಲದ ಸರ್ವೇದಿಂದ ಗೊತ್ತಾಗಂಗಿಲ್ಲ, ಸಾಮಾಜಿಕ ಬೆಂಬಲದ ಮಾಪನನೂ ಅದ ಫಾರ್ಮಿನ್ಯಾಗ ಹಾಕ್ರಿ.